ಉದ್ದ ಹಿಡಿಯ ಚಮಚ

ಟೈಲರಮ್ಮ ತನ್ನ ಗಂಡನ ಅಕ್ಕನನ್ನು ಕ್ಷಮಿಸಿದ್ದು ಒಂದು ಬುಧವಾರ ಸಂಜೆ, ಚರ್ಚಿನ ಮಹಿಳಾ ಕೂಟದಲ್ಲಿ, ಬೇಗ ಮನೆಗೆ ಹೋಗುವ ಅವಸರಕ್ಕೆ.

ಆ ಸಭೆಯಲ್ಲೊಂದು ರೂಢಿಯಿತ್ತು. ಕೂಟ ಮುಗಿಯುವ ಮುಂಚೆ ಪ್ರತಿಯೊಬ್ಬಳೂ ಎದ್ದು ನಿಂತು, ಆ ವಾರ ದೇವರು ತನಗೆ ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಬೇಕು. ಒಬ್ಬಳಿಗೆ ಮಂಡಿನೋವು ಇಳಿದಿರುತ್ತದೆ, ಇನ್ನೊಬ್ಬಳ ಮಗ ಪರೀಕ್ಷೆಯಲ್ಲಿ ಪಾಸಾಗಿರುತ್ತಾನೆ. ಹೇಳಲು ಏನೂ ಇಲ್ಲವೆಂದು ಸುಮ್ಮನೆ ಕೂತವಳ ಕಥೆ ಮುಗಿಯಿತು. ಕೂಟದ ಮುಖಂಡರಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಕಾಲು ಗಂಟೆ ಪ್ರಾರ್ಥಿಸದೆ ಬಿಡುವವರಲ್ಲ. ಟೈಲರಮ್ಮನ ಸರದಿ ಬಂದಾಗ ಮನೆಯಲ್ಲಿ ನಲವತ್ತು ಶಾಲೆಯ ಸ್ಕರ್ಟುಗಳು ಅಂಚು ಮಡಿಸದೆ ಬಿದ್ದಿದ್ದವು. ಆ ವಾರದ ಉಪಕಾರ ಒಂದೂ ನೆನಪಿಗೆ ಬರಲಿಲ್ಲ. "ನಮ್ಮ ಅತ್ತಿಗೇನ ಕ್ಷಮಿಸಿದೀನಿ. ದೇವರಿಗೆ ಸ್ತೋತ್ರ," ಎಂದು ಬಾಯಿಗೆ ಬಂದದ್ದನ್ನು ಹೇಳಿ ಕೂತುಬಿಟ್ಟಳು. ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಮುಖಂಡರಮ್ಮ ಅವಳನ್ನು ತಬ್ಬಿಕೊಂಡರು. ಹಾಗಾಗಿ ಹೊರಡುವುದು ಇನ್ನೂ ತಡವೇ ಆಯಿತು.

ಆ ಹೆಂಗಸರು ಅತ್ತದ್ದಕ್ಕೆ ಕಾರಣವಿತ್ತು, ಸಭೆಗೆಲ್ಲ ಆ ಕಥೆ ಗೊತ್ತಿತ್ತು. ಹದಿನಾರು ವರ್ಷದ ಹಿಂದೆ, ಮಗಳು ಗುಬ್ಬಿಗೆ ಮೂರು ತುಂಬಿದ್ದಾಗ, ಟೈಲರಮ್ಮ ಎರಡು ಬೀದಿಯಾಚೆ ಒಬ್ಬಳ ಅಳತೆ ತೆಗೆದುಕೊಳ್ಳಲು ಹೋಗಿದ್ದಳು. ರಜಕ್ಕೆ ಬಂದಿದ್ದ ಗಂಡನ ಅಕ್ಕನಿಗೆ, "ಅತ್ತಿಗೆ, ಇಸ್ತ್ರಿ ಪೆಟ್ಟಿಗೆ ಬಿಸಿ ಇದೆ, ಮಗು ಕಡೆ ಸ್ವಲ್ಪ ನೋಡಿ," ಎಂದು ಹೇಳಿಯೇ ಹೋಗಿದ್ದಳು. ಅತ್ತಿಗೆ ಗೇಟಿನ ಹತ್ತಿರ ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತರು. ಮಗು ಸ್ಟೂಲು ಎಳೆದುಕೊಂಡು ಹತ್ತಿ ವೈರು ಜಗ್ಗಿತು. ಪೆಟ್ಟಿಗೆ ಬಲಗೈ ಮೇಲೆ ಬಿತ್ತು. ಎರಡು ಆಪರೇಷನ್ ಆದ ಮೇಲೂ ಕೊನೆಯ ಎರಡು ಬೆರಳು ಅಂಗೈ ಕಡೆಗೆ ಮಡಿಚಿಕೊಂಡೇ ಉಳಿದವು.

ಅಷ್ಟೇ ಆಗಿದ್ದರೆ ಟೈಲರಮ್ಮ ಹೇಗೋ ಸಹಿಸುತ್ತಿದ್ದಳು. ಆದರೆ ಆಸ್ಪತ್ರೆಯ ವರಾಂಡದಲ್ಲಿ, ಹತ್ತು ಜನರ ಮುಂದೆ, ಅತ್ತಿಗೆ ಅಂದಿದ್ದರು: "ಮಗೂನ ಬಿಟ್ಟು ಹೋದವಳು ತಾಯಿ. ನನ್ನನ್ನ ಯಾಕೆ ಕೇಳ್ತೀರಿ?" ಆ ಮಾತು ಪೂರ್ತಿ ಸುಳ್ಳಾಗಿದ್ದರೆ ಅವಳು ಯಾವತ್ತೋ ಮರೆಯುತ್ತಿದ್ದಳು. ಅದರಲ್ಲಿ ಒಂದು ಪಾಲು ನಿಜವಿತ್ತು, ಅದೇ ಅವಳನ್ನು ಹದಿನಾರು ವರ್ಷ ಕೊರೆಯಿತು. ಅತ್ತಿಗೆಯ ಬಾಯಿಂದ ಒಂದು ಸಲ, ಒಂದೇ ಸಲ, "ತಪ್ಪಾಯ್ತು" ಅನ್ನುವ ಮಾತು ಕೇಳಬೇಕು ಎಂಬುದೊಂದೇ ಅವಳ ಆಸೆಯಾಗಿತ್ತು.

ಸಾಕ್ಷಿ ಹೇಳಿ ಮೂರು ತಿಂಗಳಾಗಿರಲಿಲ್ಲ, ಅತ್ತಿಗೆ ಹಾಸ್ಟೆಲ್ಲಿನ ಮೆಟ್ಟಿಲಿನಿಂದ ಜಾರಿಬಿದ್ದು ಎರಡೂ ಮಣಿಕಟ್ಟು ಮುರಿದುಕೊಂಡರು. ಮೂವತ್ತು ವರ್ಷ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವರು; ಮನೆಯಲ್ಲೂ ಎಲ್ಲರೂ ಬೆನ್ನ ಹಿಂದೆ ಅವರನ್ನು ವಾರ್ಡನ್ ಎಂದೇ ಕರೆಯುತ್ತಿದ್ದರು. ಸಭೆಯ ಪಾಸ್ಟರ್ ಅಯ್ಯನವರು ತಾವೇ ಬಂದು ಟೈಲರಮ್ಮನ ಅಂಗಡಿಯಲ್ಲಿ, ಅಂದರೆ ಮನೆಯ ಮುಂದಿನ ಕೋಣೆಯಲ್ಲಿ, ಬಟ್ಟೆಗಂಟು ಸರಿಸಿ ಕೂತರು.

"ಆರು ವಾರ ಪ್ಲಾಸ್ಟರ್ ಅಂತೆ. ಅಲ್ಲಿ ನೋಡ್ಕೊಳ್ಳೋರು ಯಾರೂ ಇಲ್ಲ," ಎಂದರು. "ಮೊದಲಾಗಿದ್ದರೆ ನಿಮ್ಮನ್ನ ಕೇಳೋಕೆ ನಂಗೆ ಧೈರ್ಯ ಇರ್ತಿರಲಿಲ್ಲ."

"ಈಗ ಎಲ್ಲಿಂದ ಬಂತು ಅಯ್ಯನವರೇ?"

"ನೀವು ಸಾಕ್ಷಿ ಹೇಳಿದ್ದು ನಮ್ಮನೆಯವಳು ಹೇಳಿದಳು. ತುಂಬ ಸಂತೋಷ ಆಯ್ತಮ್ಮ."

ಟೈಲರಮ್ಮ ಬಾಯಲ್ಲಿ ಹಿಡಿದಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅಷ್ಟು ಹೊತ್ತಿಗೆ ಏನಾದರೂ ನೆಪ ಹೊಳೆಯಬಹುದಿತ್ತು. ಹೊಳೆಯಲಿಲ್ಲ.

ಮರುದಿನವೇ ವಾರ್ಡನ್ ಬಂದಿಳಿದರು. ಎರಡೂ ಕೈ ಮೊಣಕೈವರೆಗೆ ಬಿಳಿ ಪ್ಲಾಸ್ಟರು. ಒಳಕೋಣೆಯಲ್ಲಿ, ಅಜ್ಜಿಯ ಮಂಚದ ಎದುರು ಅವರಿಗೊಂದು ಮಂಚ ಹಾಕಿದ್ದಾಯಿತು. ಅಜ್ಜಿ ಎಂದರೆ ವಾರ್ಡನ್ನಿನ ತಾಯಿ, ಟೈಲರಮ್ಮನ ಅತ್ತೆ. ಕಿವಿ ಪೂರ್ತಿ ಮಂದ, ಕೈ ನಡುಕ, ಬಾಯಿ ಮಾತ್ರ ಗಟ್ಟಿ.

"ಊರಿನ ಹುಡುಗಿಯರನ್ನೆಲ್ಲ ಕೈಕಟ್ಟಿಸಿ ನಿಲ್ಲಿಸ್ತಿದ್ದೆ. ಈಗ ನಿನ್ನ ಕೈನೇ ಕಟ್ಟಿದ್ರು ನೋಡು," ಎಂದು ಮಗಳನ್ನು ಸ್ವಾಗತಿಸಿದಳು.

ಕೆಲಸ ಹಂಚಿಕೆಯಾಯಿತು. ಗುಬ್ಬಿ ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಎಂಟಕ್ಕೆ ಹೊರಡಬೇಕು. ಬೆಳಿಗ್ಗೆ ಹಲ್ಲುಜ್ಜಿಸಿ ತಲೆ ಬಾಚುವುದು, ರಾತ್ರಿ ಊಟ ಮಾಡಿಸುವುದು ಅವಳ ಪಾಲಿಗೆ ಬಂತು. ಅವಳಪ್ಪ ಸಿಟಿ ಬಸ್ಸಿನ ಡ್ರೈವರ್, ಮನೆಯಲ್ಲಿ ಇದ್ದರೂ ಇಲ್ಲದಂತೆ ಇರುವ ಕಲೆ ಕಲಿತವನು. ಅಕ್ಕನಿಗೆ ಪೇಪರ್ ಓದಿ ಹೇಳುತ್ತೇನೆ ಎಂದು ಒಪ್ಪಿಕೊಂಡ. ಉಳಿದದ್ದು ಟೈಲರಮ್ಮನದು. ಉಳಿದದ್ದು ಎಂದರೆ ಸ್ನಾನ, ಬಟ್ಟೆ, ಬಚ್ಚಲು, ಮಧ್ಯಾಹ್ನದ ಊಟ.

ಮೊದಲ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಹುಡುಕಿ ಹುಡುಕಿ, ದೊಡ್ಡ ಪಾತ್ರೆಯಲ್ಲಿ ಕಲಕುವ ಉದ್ದ ಹಿಡಿಯ ಚಮಚ ತೆಗೆದಳು. ಮಂಚದಿಂದ ಒಂದು ಮಾರು ದೂರಕ್ಕೆ ಸ್ಟೂಲು ಹಾಕಿಕೊಂಡು, ಗೋಡೆಯ ಕ್ಯಾಲೆಂಡರ್ ನೋಡುತ್ತ, ಅನ್ನ ಬೇಳೆ ತುಂಬಿದ ಚಮಚವನ್ನು ಮುಂದೆ ಚಾಚಿದಳು.

"ಬಾಯಿ ಇಲ್ಲಿದೆ," ಎಂದರು ವಾರ್ಡನ್. "ನೀನು ಮೂಗಿಗೆ ತಿನ್ನಿಸ್ತಿದೀಯ."

"ಬಾಯಿ ದೊಡ್ಡದಾಗಿ ತೆಗೀರಿ."

"ಉಪ್ಪು ಕಮ್ಮಿ."

"ನಾಳೆ ಹಾಕ್ತೀನಿ."

"ನಾಳೆ ಹಾಕಿದ್ರೆ ಇವತ್ತಿನ ಅನ್ನಕ್ಕೆ ಆಗುತ್ತಾ?"

ಇಷ್ಟು ಬಿಟ್ಟರೆ ಇಬ್ಬರಿಗೂ ಬೇರೆ ಮಾತಿರಲಿಲ್ಲ. ಒಂದು ಬಟ್ಟಲು ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಮುಗಿಯುವಷ್ಟರಲ್ಲಿ ಟೈಲರಮ್ಮನ ತೋಳು ಭುಜದವರೆಗೆ ಸೆಳೆಯುತ್ತಿತ್ತು. ಆಮೇಲೆ ಮಿಷನ್ನಿಗೆ ಕೂತರೆ ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ಶಾಲೆಯವರು ಹೊಸ ಸ್ಕರ್ಟುಗಳಿಗೆಂದು ಎರಡು ಸಲ ಹೇಳಿ ಕಳಿಸಿದರು. ಎರಡನೆಯ ವಾರ ಮುಗಿಯುವ ಹೊತ್ತಿಗೆ ಅವಳಿಗೆ ಕೋಪ ಮಾಡಿಕೊಳ್ಳುವ ತ್ರಾಣವೂ ಉಳಿದಿರಲಿಲ್ಲ.

ಅದೇ ಗುಬ್ಬಿ ತಿನ್ನಿಸುವಾಗ ನೋಡಬೇಕು. ಮಂಚದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಿಂದ ತುತ್ತು ಕೊಡುತ್ತ, ಆಸ್ಪತ್ರೆಗೆ ಬಂದ ಮುದುಕರ ಕಥೆಗಳನ್ನೆಲ್ಲ ಹೇಳುತ್ತಿದ್ದಳು. ಅವರಿಬ್ಬರೂ ನಗುವುದು ಅಡುಗೆಮನೆಗೆ ಕೇಳುತ್ತಿತ್ತು. ಟೈಲರಮ್ಮನಿಗೆ ಅದು ನುಂಗಲಾರದ ತುತ್ತಾಯಿತು. ಒಂದು ಸಂಜೆ ತಟ್ಟೆ ತೊಳೆಯುತ್ತ ಮಗಳಿಗೆ ಅಂದೇಬಿಟ್ಟಳು:

"ಅಷ್ಟೊಂದು ನಗೋಕೆ ಏನಿದೆ?"

"ಏನಮ್ಮ, ನಗಬಾರದಾ?"

"ಆ ಕೈ ನೋಡ್ಕೊಂಡು ನಗು."

ಗುಬ್ಬಿ ಬಲಗೈ ಎತ್ತಿ, ಯಾರದೋ ವಸ್ತುವನ್ನು ನೋಡುವ ಹಾಗೆ ನೋಡಿದಳು. "ನಂಗೆ ನೆನಪೇ ಇಲ್ಲ ಕಣಮ್ಮ. ಹುಟ್ಟಿದಾಗಿನಿಂದ ಹಿಂಗೇ ಇತ್ತು ಅನ್ಸುತ್ತೆ. ನಾನು ಯಾವಾಗಲೋ ಕ್ಷಮಿಸಿಬಿಟ್ಟೆ. ನೀನೂ ಸಾಕ್ಷಿ ಹೇಳಿದ್ಯಂತಲ್ಲ?"

"ಹೇಳಿದೆ. ಮನೇಲಿ ನಲವತ್ತು ಸ್ಕರ್ಟು ಬಿದ್ದಿತ್ತು."

ಡ್ರೈವರ್ ಪೇಪರಿನ ಹಿಂದಿನಿಂದ ನಿಟ್ಟುಸಿರು ಬಿಟ್ಟ. "ನನ್ನ ಬಸ್ಸಲ್ಲಿ ಅರವತ್ತು ಜನ ಜಗಳ ಆಡ್ತಾರೆ. ಅಲ್ಲೇ ವಾಸಿ."

ಆ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳುತ್ತಿದ್ದರು. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಅದರಲ್ಲಿ ಬರುತ್ತದೆ. ಆ ಸಾಲಿಗೆ ಟೈಲರಮ್ಮ ತುಟಿ ಮುಚ್ಚಿ, ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತಿದ್ದಳು. ಉಳಿದವರ ದನಿಯಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದಳು. ಆದರೆ ಕಿವಿ ಕೇಳದ ಅಜ್ಜಿ ಎಲ್ಲರ ತುಟಿ ನೋಡಿಕೊಂಡೇ ಪ್ರಾರ್ಥನೆ ಹೇಳುವವಳು. ಅವತ್ತು ಊಟವಾದ ಮೇಲೆ ಸೊಸೆಯನ್ನು ಹತ್ತಿರ ಕರೆದು, "ಹದಿನಾರು ವರ್ಷದಿಂದ ನೋಡ್ತಿದೀನಿ. ಆ ಒಂದು ಸಾಲು ನಿನ್ನ ಗಂಟಲಲ್ಲಿ ಇಳಿಯೋದಿಲ್ಲ," ಎಂದಳು. "ಬೈಯ್ಯೋಕೆ ಹೇಳ್ತಿಲ್ಲ. ಸುಸ್ತಾಗಿದೀಯ, ಅದಕ್ಕೆ ಹೇಳಿದೆ." ಟೈಲರಮ್ಮ ತಟ್ಟೆಗಳನ್ನು ಎತ್ತಿಕೊಂಡು ಹೋದಳು.

ಮೂರನೆಯ ವಾರದ ಗುರುವಾರ ನಡೆದದ್ದು ಇದು. ಸ್ಕರ್ಟುಗಳನ್ನು ಸಂಜೆಯೊಳಗೆ ಕೊಡಲೇಬೇಕಿತ್ತು. ಗಿರಾಕಿಗಳಿಗೆ ಒಳಗಿನದು ಕಾಣದಿರಲೆಂದು ಟೈಲರಮ್ಮ ನಡುಬಾಗಿಲು ಎಳೆದು ಚಿಲಕ ಹಾಕಿ, ಮಿಷನ್ ತುಳಿಯುತ್ತಿದ್ದಳು. ಬಚ್ಚಲಿಗೆ ಹೋಗಬೇಕೆಂದರೆ ಆ ಬಾಗಿಲಿಂದಲೇ ಹೋಗಬೇಕು. ಒಳಗೆ ಅಜ್ಜಿ ನಿದ್ದೆ ಹೋಗಿದ್ದಳು.

"ಸ್ವಲ್ಪ ಬಾ. ಬಚ್ಚಲಿಗೆ ಹೋಗಬೇಕು," ಎಂದು ವಾರ್ಡನ್ನಿನ ದನಿ ಕೇಳಿತು.

ಟೈಲರಮ್ಮನ ಕಾಲು ನಿಂತಿತು. ಮಿಷನ್ ನಿಂತಿತು. ಸ್ಕರ್ಟಿನ ಅಂಚು ಅರ್ಧ ಸುತ್ತು ಬಂದಿತ್ತು. ಇದೊಂದು ಮುಗಿಯಲಿ, ಎಂದುಕೊಂಡು ಮತ್ತೆ ತುಳಿಯತೊಡಗಿದಳು. ಇನ್ನೊಂದು ಸಲ ಕೂಗು ಬಂತು. ಆ ಸಲ ದನಿಯಲ್ಲಿ ವಾರ್ಡನ್ ಇರಲಿಲ್ಲ, ಬರೀ ಒಬ್ಬ ಮುದುಕಿ ಇದ್ದಳು. ಟೈಲರಮ್ಮನಿಗೆ ಅದೂ ಕೇಳಿಸಿತು. ಕಾಯಲಿ, ಎನಿಸಿತು ಅವಳಿಗೆ. ನಾನೂ ಕಾದಿದ್ದೇನೆ. ಸ್ಕರ್ಟು ಮುಗಿಯಿತು. ಇನ್ನೊಂದು ಸ್ಕರ್ಟು ಕೈಗೆತ್ತಿಕೊಂಡಳು.

ಬಾಗಿಲು ತೆಗೆದಾಗ ವಾರ್ಡನ್ ಬಾಗಿಲ ಹಿಂದೆಯೇ ನಿಂತಿದ್ದರು. ಕದ ತಳ್ಳಲು ಪ್ಲಾಸ್ಟರಿನ ಕೈಗಳನ್ನು ಎತ್ತಿ ಹಿಡಿದಿದ್ದರು. ಲಂಗ ನೆನೆದು ಕಾಲಿಗಂಟಿತ್ತು, ನೆಲವೂ ನೆನೆದಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೈಲರಮ್ಮ ಬಟ್ಟೆ ಬಿಚ್ಚಿಸಿ, ಮೈ ತೊಳೆಸಿ, ಬೇರೆ ಬಟ್ಟೆ ತೊಡಿಸಿ, ನೆಲ ಒರೆಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಜೆ ಗುಬ್ಬಿ ತಂತಿಯ ಮೇಲೆ ಒಣಹಾಕಿದ್ದ ಬಟ್ಟೆ ನೋಡಿ ಕೇಳಿದಳು: "ಬೆಳಿಗ್ಗೆ ತಾನೇ ಹಾಕಿದ್ದಲ್ವಾ ಅತ್ತೆ ಇದು?"

ವಾರ್ಡನ್ ಮಂಚದಿಂದಲೇ ಹೇಳಿದರು: "ನೀರಿನ ಲೋಟ ಮೈಮೇಲೆ ಬೀಳಿಸ್ಕೊಂಡೆ. ಈ ಕೈ ಇಟ್ಕೊಂಡು ಇನ್ನೇನಾಗುತ್ತೆ?"

ಅಷ್ಟೇ. ಯಾರಿಗೂ ಹೇಳಲಿಲ್ಲ. ಹದಿನಾರು ವರ್ಷದ ಹಿಂದೆ ಹತ್ತು ಜನರ ಮುಂದೆ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದ ಬಾಯಿ ಇವತ್ತು ತನ್ನ ತಲೆಗೇ ಕಟ್ಟಿಕೊಂಡಿತ್ತು. ಅದಕ್ಕೆ ಸಂತೋಷಪಡಬೇಕೋ ಇನ್ನಷ್ಟು ಕುಗ್ಗಬೇಕೋ ಟೈಲರಮ್ಮನಿಗೆ ಗೊತ್ತಾಗಲಿಲ್ಲ.

ಎರಡು ದಿನ ಅವಳು ಆ ಮಾತನ್ನು ಹೊತ್ತು ತಿರುಗಿದಳು. ಶನಿವಾರ ಮಧ್ಯಾಹ್ನ ಬಟ್ಟಲು ಹಿಡಿದು ಕೂತಾಗ, ಮೂರನೆಯ ಚಮಚಕ್ಕೆ, ಕ್ಯಾಲೆಂಡರಿನಿಂದ ಕಣ್ಣು ಕಿತ್ತು ಹೇಳಿದಳು:

"ಅತ್ತಿಗೆ, ಮೊನ್ನೆ ನೀವು ಕೂಗಿದ್ದು ನಂಗೆ ಕೇಳಿಸಿತ್ತು."

"ಗೊತ್ತು."

"ಹೆಂಗೆ?"

"ಮಿಷನ್ ನಿಂತು ಮತ್ತೆ ಶುರು ಆಯ್ತಲ್ಲ." ವಾರ್ಡನ್ ತುತ್ತು ನಿಧಾನವಾಗಿ ನುಂಗಿದರು.

"ತಪ್ಪಾಯ್ತು ಅತ್ತಿಗೆ." ಕೇಳಬೇಕೆಂದು ಹದಿನಾರು ವರ್ಷ ಕಾದಿದ್ದ ಮಾತನ್ನು ತಾನೇ ಹೇಳುವ ಹಾಗಾಯಿತಲ್ಲ ಎಂದು ಅವಳಿಗೆ ಅಳು ಬಂತು, ಜೊತೆಗೆ ಸ್ವಲ್ಪ ರೇಗಿತು ಕೂಡ. "ಒಂದು ಸ್ಕರ್ಟು ಮುಗೀಲಿ ಅಂದ್ಕೊಂಡೆ. ಆಮೇಲೆ, ಬೇಕು ಅಂತಲೇ ಇನ್ನೊಂದು ತಗೊಂಡೆ."

ಅಜ್ಜಿಯ ಗೊರಕೆ ಏರಿ ಇಳಿಯಿತು. ಆಮೇಲೆ, ಹಾಸ್ಟೆಲ್ ಹುಡುಗಿಯೊಬ್ಬಳು ವಾರ್ಡನ್ ಮುಂದೆ ನಿಂತು ಹೇಳುವಂತೆ, ವಾರ್ಡನ್ ನೆಲ ನೋಡಿಕೊಂಡು ಹೇಳಿದರು:

"ಅವತ್ತು ನಂಗೂ ಕೇಳಿಸಿತ್ತು."

"ಏನು?"

"ಸ್ಟೂಲು ಎಳೆಯೋ ಸದ್ದು. ಗೇಟಿನ ತನಕ ಕೇಳಿಸಿತು. ಮಗು ಏನೋ ಎಳೀತಿದೆ, ಹೋಗಿ ನೋಡ್ಬೇಕು ಅಂದ್ಕೊಂಡೆ. ಆ ಪಕ್ಕದ ಮನೆಯವಳು ಏನೋ ಹೇಳ್ತಿದ್ಲು, ಅದೊಂದು ಮುಗೀಲಿ ಅಂದ್ಕೊಂಡೆ. ಅವಳು ಏನು ಹೇಳ್ತಿದ್ಲು ಅಂತ ಇವತ್ತಿಗೂ ನೆನಪಿಲ್ಲ. ಸದ್ದು ಮಾತ್ರ ನೆನಪಿದೆ. ಆಸ್ಪತ್ರೇಲಿ ತಪ್ಪು ನಿನ್ನ ಮೇಲೆ ಹಾಕಿದ್ದು ಅದಕ್ಕೇ. ನಿಂಗೆ ಸದ್ದು ಕೇಳಿಸಲಿಲ್ವಾ ಅಂತ ಯಾರಾದ್ರೂ ಕೇಳಿಬಿಡ್ತಾರೆ ಅನ್ನೋ ಭಯಕ್ಕೆ."

ಟೈಲರಮ್ಮ ಎದ್ದಳು. ಬಟ್ಟಲನ್ನು ಸ್ಟೂಲಿನ ಮೇಲಿಟ್ಟಳು. ಅವತ್ತು ಮಗು ಎಳೆದಿದ್ದ ಅದೇ ಸ್ಟೂಲು, ಮರದ್ದು, ಒಂದು ಕಾಲಿಗೆ ತಗಡು ಹೊಡೆದದ್ದು. ಹಿತ್ತಿಲಿಗೆ ಹೋಗಿ ನೀರಿನ ತೊಟ್ಟಿಯ ಅಂಚು ಹಿಡಿದು ನಿಂತಳು. ಅವಳಿಗೆ ಗೊತ್ತಿದ್ದ ತಪ್ಪಿಗಿಂತ ದೊಡ್ಡ ತಪ್ಪು ಇದು. ಇಷ್ಟು ವರ್ಷ ಕ್ಷಮಿಸಲಾರದೆ ಒದ್ದಾಡಿದ್ದು ಸಣ್ಣದನ್ನು, ಈಗ ಕೈಗೆ ಬಂದದ್ದು ಇದು. ಗುರುವಾರ ಆ ಎರಡನೆಯ ಸ್ಕರ್ಟು ಕೈಗೆತ್ತಿಕೊಳ್ಳದೆ ಇದ್ದಿದ್ದರೆ ಅವಳು ಈಗ ಒಳಗೆ ಹೋಗಿ ಕೂಗಾಡಬಹುದಿತ್ತು. ಆ ದಾರಿಯನ್ನು ತಾನೇ ಮುಚ್ಚಿಕೊಂಡಿದ್ದಳು. ಎಷ್ಟೋ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಒಳಗೆ ಬಂದಳು. ಅನ್ನ ತಣ್ಣಗಾಗಿತ್ತು. ಬಿಸಿ ಮಾಡಿಕೊಂಡು ಬಂದು, ಮಂಚದ ಮೇಲೆ ಕೂತು, ಕೈಯಿಂದಲೇ ಕಲಸಿ ಉಳಿದದ್ದನ್ನು ತಿನ್ನಿಸಿದಳು.

"ನಂಗೆ ಹೇಳಿದ್ದು ಆಯ್ತು," ಎಂದಳು ಕೊನೆಯ ತುತ್ತಿಗೆ. "ಕೈ ನಂದಲ್ಲ. ಗುಬ್ಬಿಗೂ ಹೇಳಿ."

"ಅವಳು ನನ್ನ ಜೊತೆ ನಗ್ತಾಳೆ ಕಣೇ," ಎಂದರು ವಾರ್ಡನ್. "ಅದೂ ಹೋಗುತ್ತೆ."

"ಹೋಗಬಹುದು."

ಸಂಜೆ ಗುಬ್ಬಿ ಬಂದು ಕೈಕಾಲು ತೊಳೆದು ಮಂಚದ ಮೇಲೆ ಕೂತಾಗ ವಾರ್ಡನ್ ಹೇಳಿದರು. ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದ ಟೈಲರಮ್ಮನಿಗೆ ಮಾತು ಕೇಳುತ್ತಿರಲಿಲ್ಲ, ಆದರೆ ನಗು ನಿಂತದ್ದು ಕೇಳಿತು. ಗುಬ್ಬಿ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?"

"ಸುಮ್ಮನೆ." ಬಾಗಿಲ ಹತ್ತಿರ ನಿಂತಳು. "ನಿಂಗೆ ಗೊತ್ತಿತ್ತಾ ಅಮ್ಮ?"

"ಇವತ್ತೇ ಗೊತ್ತಾಗಿದ್ದು."

"ಕೇಳಿಸಿತ್ತಂತೆ. ಕೇಳಿಸಿಯೂ..." ಅವಳು ಬಲಗೈಯನ್ನು ಎಡಗೈಯೊಳಗೆ ಬಚ್ಚಿಟ್ಟುಕೊಂಡಿದ್ದಳು. ಆ ಕೈಯನ್ನು ಅವಳು ಯಾವತ್ತೂ ಬಚ್ಚಿಟ್ಟವಳಲ್ಲ. "ಗೊತ್ತಿಲ್ಲದೆ ಆಗಿದ್ದು ಅಂತ ತಾನೇ ನಾನು ಕ್ಷಮಿಸಿಬಿಟ್ಟಿದ್ದು?"

ಮಗಳು ಬೀದಿ ಕೊನೆಯವರೆಗೂ ಹೋಗಿ, ಊಟದ ಹೊತ್ತಿಗೆ ಬಂದಳು.

ಆ ರಾತ್ರಿ ಪ್ರಾರ್ಥನೆಯಲ್ಲಿ ಆ ಸಾಲು ಬಂದಾಗ ಟೈಲರಮ್ಮ ಹೇಳಿದಳು. ಹದಿನಾರು ವರ್ಷ ಬಳಸದ ಸಾಲು, ದನಿ ಒಡೆದು, ಉಳಿದವರಿಗಿಂತ ಅರ್ಧ ಮಾತು ಹಿಂದೆ ಬಂತು. ಹೇಳಿದ್ದರಿಂದ ಎದೆ ಹಗುರವಾಗಲಿಲ್ಲ, ದಣಿವೂ ಹಾಗೇ ಇತ್ತು. ಪಕ್ಕದಲ್ಲಿ ಗುಬ್ಬಿಯ ದನಿ ಇರಲಿಲ್ಲ. ಓರೆಗಣ್ಣಲ್ಲಿ ನೋಡಿದರೆ ಅವಳ ತುಟಿ ಬಿಗಿದಿತ್ತು. ಅಜ್ಜಿಯೂ ಅದನ್ನೇ ನೋಡುತ್ತಿದ್ದಳು. ಟೈಲರಮ್ಮ ಅಜ್ಜಿಗೆ, ಈಗ ಏನೂ ಹೇಳಬೇಡಿ ಎನ್ನುವಂತೆ, ತಲೆ ಅಲ್ಲಾಡಿಸಿದಳು. ಆ ಸಾಲು ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ. ಅವಸರಕ್ಕೆ ಹೇಳಿದರೆ ಏನಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು?

ಒಂದು ವಾರ ಗುಬ್ಬಿ ಅತ್ತೆಯ ತಲೆ ಬಾಚಿದಳು, ಹಲ್ಲುಜ್ಜಿಸಿದಳು, ಕಥೆ ಹೇಳಲಿಲ್ಲ. ರಾತ್ರಿ ತಡವಾಗಿ ಬರತೊಡಗಿದ್ದರಿಂದ ಆ ಊಟವೂ ತಾಯಿಯ ಪಾಲಿಗೆ ಬಂತು. "ನೀನೊಂದು ಮಾತು ಹೇಳು ಅವಳಿಗೆ," ಎಂದ ಡ್ರೈವರ್ ಹೆಂಡತಿಗೆ. "ನಂಗೆ ಹದಿನಾರು ವರ್ಷ ಬೇಕಾಯ್ತು. ಅವಳಿಗೆ ಎಂಟು ದಿನವೂ ಬೇಡವಾ?" ಎಂದಳು ಅವಳು. ವಾರ್ಡನ್ ಉಪ್ಪಿನ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದರು; ಅರ್ಧ ಬಟ್ಟಲಿಗೇ ಸಾಕು ಎನ್ನುತ್ತಿದ್ದರು.

ಮುಂದಿನ ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಟೈಲರಮ್ಮ ಊಟ ಕಲಸುತ್ತಿದ್ದಳು. ಗುಬ್ಬಿ ಬಂದು ಬಟ್ಟಲು ತೆಗೆದುಕೊಂಡಳು.

"ಕೊಡು. ನಿಂಗೆ ತೋಳು ನೋಯ್ತಿದೆ."

ತಾಯಿ ಕೊಟ್ಟಳು. ಗುಬ್ಬಿ ಮೊಳೆಗೆ ನೇತು ಹಾಕಿದ್ದ ಉದ್ದ ಹಿಡಿಯ ಚಮಚವನ್ನು ತೆಗೆದುಕೊಂಡಳು. ಮಂಚದ ಮೇಲೆ ಕೂರಲಿಲ್ಲ. ಒಂದು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತು, ಗೋಡೆಯ ಕ್ಯಾಲೆಂಡರ್ ನೋಡುತ್ತ, ಎಡಗೈ ಮುಂದೆ ಚಾಚಿದಳು. ಚಮಚ ವಾರ್ಡನ್ನಿನ ಮೂಗಿಗೆ ತಾಗಿತು. ವಾರ್ಡನ್ ಮುಖ ಸ್ವಲ್ಪ ಮೇಲೆತ್ತಿ, ಬಾಯಿಂದ ಚಮಚವನ್ನು ಹುಡುಕಿಕೊಂಡರು. ಎರಡನೆಯದಕ್ಕೂ ಹಾಗೇ, ಮೂರನೆಯದಕ್ಕೂ ಹಾಗೇ. ಗುಬ್ಬಿಯ ತೋಳು ನಡುಗತೊಡಗಿತು, ಚಮಚದ ಅನ್ನ ಹೊದಿಕೆಯ ಮೇಲೆ ಉದುರಿತು.

ಟೈಲರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೇಳಬೇಕಾದ ದೊಡ್ಡ ಮಾತುಗಳೆಲ್ಲ ಅವಳಿಗೆ ಗೊತ್ತಿದ್ದವು, ಹದಿನಾರು ವರ್ಷ ಕೂಟದಲ್ಲಿ ಕೇಳಿದ್ದಳು. ಅದ್ಯಾವುದನ್ನೂ ಹೇಳಲಿಲ್ಲ.

"ಸ್ವಲ್ಪ ಹತ್ರ ಕೂತ್ಕೋ ಮಗಳೇ," ಎಂದಳು. "ಅಷ್ಟು ದೂರದಿಂದ ತಿನ್ನಿಸಿದ್ರೆ ಕೈ ತುಂಬ ನೋಯುತ್ತೆ. ನಂಗೆ ಗೊತ್ತು."

ಗುಬ್ಬಿ ಬಟ್ಟಲು ನೋಡಿದಳು, ತನ್ನ ಬಲಗೈ ನೋಡಿದಳು. ಆಮೇಲೆ ಅರ್ಧ ಎದ್ದು, ಮಡಿಚಿದ ಬೆರಳುಗಳಿಂದಲೇ ಸ್ಟೂಲಿನ ಅಂಚು ಹಿಡಿದು ಮಂಚದ ಕಡೆಗೆ ಒಂದು ಗೇಣು ಎಳೆದುಕೊಂಡಳು. ತಗಡಿನ ಕಾಲು ನೆಲಕ್ಕೆ ಉಜ್ಜಿದ ಸದ್ದಿಗೆ ವಾರ್ಡನ್ ಕಣ್ಣು ಮುಚ್ಚಿಕೊಂಡು, ಬಾಯಿ ತೆರೆದರು.